ಲಾನಿಗೆ ಎಣ್ಣೆ ಹೊಡೆಯುವ ಮುನ್ನ: ಕಲಬುರಗಿಯ ಹುಲ್ಲುಹಾಸು ಕೆಲಸಗಾರರಿಗೊಂದು ಮಾರ್ಗದರ್ಶಿ

ನಮ್ಮ ಕಡೆ ಕೀಟನಾಶಕಕ್ಕೂ ಕಳೆನಾಶಕಕ್ಕೂ ಒಂದೇ ಹೆಸರು: ಎಣ್ಣೆ. ತೊಗರಿಗೆ ಎಣ್ಣೆ ಹೊಡೆದರು, ಹತ್ತಿಗೆ ಎಣ್ಣೆ ಹೊಡೆದರು, ಬದುವಿಗೆ ಕಸದ (ಅಂದರೆ ಕಳೆಯ) ಎಣ್ಣೆ ಹೊಡೆದರು ಎನ್ನುತ್ತೇವೆ. ಬೆಂಗಳೂರು, ಮೈಸೂರಿನ ಕಡೆ ಅದನ್ನೇ ಔಷಧಿ ಎನ್ನುತ್ತಾರೆ. ಒಂದು ಹೆಸರು ಅಡುಗೆಮನೆಯದು, ಇನ್ನೊಂದು ಆಸ್ಪತ್ರೆಯದು. ಡಬ್ಬಿಯೊಳಗೆ ಇರುವುದು ವಿಷ ಎಂಬುದು ಎರಡರಲ್ಲೂ ಕೇಳಿಸುವುದಿಲ್ಲ.

ಬಂಗಲೆ, ಕಾಲೇಜು, ಆಸ್ಪತ್ರೆ, ಮದುವೆ ಹಾಲ್‌ಗಳ ಲಾನ್ ನೋಡಿಕೊಳ್ಳುವ ಗುತ್ತಿಗೆ ಕೆಲಸಕ್ಕೆ ನಾನು ಬಂದದ್ದು ಬೆನ್ನಿಗೆ ಪಂಪ್ ಹೊತ್ತು. ಆಗ ನನಗೆ ಕೈಗವಸು ಇರಲಿಲ್ಲ, ಅಳತೆಯ ಲೋಟ ಇರಲಿಲ್ಲ. ಡಬ್ಬಿಯ ಮುಚ್ಚಳವೇ ಅಳತೆ. ‘ಕಸ ಗಟ್ಟಿ ಇದೆ, ಇನ್ನೊಂದು ಮುಚ್ಚಳ ಹಾಕು’ ಎಂಬುದೇ ಶಾಸ್ತ್ರ. ಈಗ ನನ್ನ ಕೈಕೆಳಗೆ ಹುಡುಗರಿದ್ದಾರೆ. ಅವರಿಗೆ ಬಾಯಲ್ಲಿ ಹೇಳಿಕೊಡುವುದನ್ನು ಇಲ್ಲಿ ಬರೆದಿದ್ದೇನೆ. ಹೊಲಕ್ಕೆ ಹೊಡೆಯುವುದಕ್ಕೂ ಲಾನಿಗೆ ಹೊಡೆಯುವುದಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ. ಹೊಲದಲ್ಲಿ ಎಣ್ಣೆ ಬಿದ್ದ ಸಂಜೆಯೇ ಯಾರೂ ಚಾಪೆ ಹಾಸಿಕೊಂಡು ಮಲಗುವುದಿಲ್ಲ. ಲಾನಿನ ಮೇಲೆ ಮಗು ಅಂಬೆಗಾಲಿಡುತ್ತದೆ.

ಮೊದಲು ಕಾಗದಪತ್ರ

ಬೇರೆಯವರ ಜಾಗದಲ್ಲಿ ಹಣ ಪಡೆದು ಕೀಟನಾಶಕ ಸಿಂಪಡಿಸುವುದು ಸಾಮಾನ್ಯ ಮಾಲಿ ಕೆಲಸವಲ್ಲ. 1968ರ ಕೀಟನಾಶಕ ಕಾಯ್ದೆ ಮತ್ತು 1971ರ ನಿಯಮಗಳ ಪ್ರಕಾರ ಅದಕ್ಕೆ ಕೀಟ ನಿಯಂತ್ರಣ ನಿರ್ವಾಹಕರ ಪರವಾನಗಿ ಬೇಕು. ಪರವಾನಗಿಗೆ ಕೃಷಿ ಪದವಿ ಅಥವಾ ರಸಾಯನಶಾಸ್ತ್ರ ಓದಿದ ವಿಜ್ಞಾನ ಪದವಿ ಬೇಕು, ಜೊತೆಗೆ ಕನಿಷ್ಠ 15 ದಿನಗಳ ತರಬೇತಿಯ ಪ್ರಮಾಣಪತ್ರ. ಮೈಸೂರಿನ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಈ ತರಬೇತಿ ಕೊಡುವ ಸಂಸ್ಥೆಗಳಲ್ಲಿ ಒಂದು, ಹೈದರಾಬಾದಿನ ಸಸ್ಯ ಆರೋಗ್ಯ ನಿರ್ವಹಣಾ ಸಂಸ್ಥೆ ಎನ್‌ಐಪಿಎಚ್‌ಎಂ ಇನ್ನೊಂದು. ಕಲಬುರಗಿಯವರಿಗೆ ಹೈದರಾಬಾದೇ ಹತ್ತಿರ. ಪದವಿ ಇಲ್ಲದವರು ಪರವಾನಗಿ ಇರುವವರ ಜೊತೆ ಸೇರಿ, ಅವರ ಮೇಲ್ವಿಚಾರಣೆಯಲ್ಲಿ ಕೆಲಸ ಮಾಡಬೇಕು. ಕತ್ತರಿಸುವುದು, ನೀರು, ಗೊಬ್ಬರ, ಕಸ ಕೀಳುವುದು ಇವಕ್ಕೆ ಯಾವ ಪರವಾನಗಿಯೂ ಬೇಡ. ಲಾನ್ ಕೆಲಸದ ಬಹುಪಾಲು ಇರುವುದೂ ಅಲ್ಲೇ.

ಗ್ಲೈಫೋಸೇಟ್ ಎಂಬ ಕಳೆನಾಶಕದ ಬಗ್ಗೆ ಬೇರೆಯಾಗಿ ಹೇಳಬೇಕು. 2022ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಅಧಿಸೂಚನೆ ಅದರ ಬಳಕೆಯನ್ನು ಇಂಥ ಪರವಾನಗಿದಾರರಿಗೆ ಮಾತ್ರ ಸೀಮಿತಗೊಳಿಸಿತು. ಅದು ಹುಲ್ಲು, ಕಸ ಎಂದು ನೋಡದೆ ಹಸಿರನ್ನೆಲ್ಲ ಸುಡುತ್ತದೆ. ಹಾಗಾಗಿ ಲಾನಿನ ಒಳಗೆ ಅದಕ್ಕೆ ಹೇಗೂ ಜಾಗವಿಲ್ಲ. ಫೋರೇಟ್ ಹರಳು, ಡೈಕ್ಲೋರ್‌ವಾಸ್ ಎಂಬ ಎರಡೂ ಕೀಟನಾಶಕಗಳನ್ನು 2018ರ ಆದೇಶದಂತೆ 2020ರ ಡಿಸೆಂಬರ್ 31ರಿಂದ ನಿಷೇಧಿಸಲಾಗಿದೆ. ಬೇರು ತಿನ್ನುವ ಗೊಣ್ಣೆಹುಳುವಿಗೆ ಎಂದು ಯಾರಾದರೂ ಹಳೆಯ ಫೋರೇಟ್ ಚೀಲ ತಂದು ಮುಂದಿಟ್ಟರೆ ಕೈ ಹಾಕಬೇಡಿ.

ಮಂಡಿಯೂರಿ ನೋಡಿ

ಮಾಲೀಕರು ಕರೆಯುವುದು ಸಾಮಾನ್ಯವಾಗಿ ಒಂದೇ ಮಾತಿನಿಂದ: ‘ಹುಲ್ಲು ಹಳದಿ ಆಗಿದೆ, ಏನಾದರೂ ಹೊಡೆಯಿರಿ.’ ಆ ‘ಏನಾದರೂ’ ಎಂಬ ಪದದಲ್ಲೇ ಅರ್ಧ ಅನಾಹುತ ಇದೆ. ಪಂಪ್ ಗಾಡಿಯಲ್ಲೇ ಬಿಟ್ಟು, ಒಂದು ಕುರ್ಪಿ ಹಿಡಿದು ಹೋಗಿ, ಹುಲ್ಲಿನ ಮೇಲೆ ಮಂಡಿಯೂರಿ ಕುಳಿತು ನೋಡಿ.

ಹೊಸ ಎಲೆ ಹಳದಿ, ನರ ಮಾತ್ರ ಹಸಿರು ಇದ್ದರೆ ಅದು ಕಬ್ಬಿಣದ ಕೊರತೆ. ನಮ್ಮ ಎರೆಮಣ್ಣಿನಲ್ಲಿ ಸುಣ್ಣದ ಅಂಶ ಹೆಚ್ಚು. ಕಬ್ಬಿಣ ಮಣ್ಣಿನಲ್ಲಿದ್ದರೂ ಬೇರಿಗೆ ಸಿಗುವುದಿಲ್ಲ. ಇದನ್ನು ರೋಗ ಎಂದು ತಿಳಿದು ಶಿಲೀಂಧ್ರನಾಶಕ ಹೊಡೆಸಿಕೊಂಡ ಲಾನ್‌ಗಳನ್ನು ನಾನು ಲೆಕ್ಕವಿಲ್ಲದಷ್ಟು ನೋಡಿದ್ದೇನೆ. ಒಂದು ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್, ಚಿಟಿಕೆ ನಿಂಬೆಹುಳಿ ಉಪ್ಪು ಬೆರೆಸಿ ಸಂಜೆ ಸಿಂಪಡಿಸಿದರೆ ಸಾಕು. ಆದರೆ ಅಂಚಿನ ಶಹಾಬಾದ್ ಫರ್ಸಿಯ ಮೇಲೆ ಬೀಳದಂತೆ ನೋಡಿಕೊಳ್ಳಿ. ಕಲ್ಲಿನ ಮೇಲಿನ ತುಕ್ಕಿನ ಕಲೆಯನ್ನು ಆಮೇಲೆ ಯಾರೂ ತೆಗೆಯಲಾರರು, ಮಾಲೀಕರು ಮರೆಯಲಾರರು.

ನಡುವೆ ಒಣಗಿ ಸುತ್ತ ಕಡುಹಸಿರು ಉಂಗುರ ಇದ್ದರೆ ಮನೆಯ ನಾಯಿಯ ಮೂತ್ರ. ಇಡೀ ಲಾನಿನಲ್ಲಿ ಹುಲ್ಲಿನ ತುದಿ ಬಿಳಿಚಿಕೊಂಡು ಸೀಳಿದ್ದರೆ ಕತ್ತರಿಸುವ ಯಂತ್ರದ ಬ್ಲೇಡ್ ಮೊಂಡಾಗಿದೆ. ಇವೆರಡಕ್ಕೂ ಡಬ್ಬಿಯಲ್ಲಿ ಪರಿಹಾರ ಇಲ್ಲ.

ಹುಲ್ಲನ್ನು ಹಿಡಿದು ಎಳೆದಾಗ ಜಮಖಾನೆಯಂತೆ ಸುರುಳಿಯಾಗಿ ಎದ್ದು ಬಂದರೆ ಬೇರು ಹೋಗಿದೆ, ಗೊಣ್ಣೆಹುಳು ಇರಬಹುದು. ಒಂದು ಅಡಿ ಉದ್ದ, ಒಂದು ಅಡಿ ಅಗಲ ಅಗೆದು ಎಣಿಸಿ. ಇಂಗ್ಲಿಷಿನ ‘ಸಿ’ ಅಕ್ಷರದಂತೆ ಬಾಗಿದ ಬಿಳಿ ಹುಳು ಎರಡೋ ಮೂರೋ ಇದ್ದರೆ ಆರೋಗ್ಯವಂತ ಲಾನ್ ತಡೆದುಕೊಳ್ಳುತ್ತದೆ. ಐದಾರನ್ನು ದಾಟಿದರೆ ಮಾತ್ರ ಕ್ರಮದ ಮಾತು. ಇದರ ದುಂಬಿ ಮೊದಲ ಮಳೆ ಬಿದ್ದ ಸಂಜೆಗಳಲ್ಲಿ ನೆಲದಿಂದ ಎದ್ದು ಬೇವು, ಜಾಲಿ ಗಿಡಗಳ ಎಲೆ ತಿನ್ನಲು ಬರುತ್ತದೆ. ಆಗ ಕೊಂಬೆ ಅಲುಗಾಡಿಸಿ ಉದುರಿಸಿ, ಸೀಮೆಎಣ್ಣೆ ಬೆರೆಸಿದ ನೀರಿನ ಬಕೆಟ್‌ಗೆ ಹಾಕಿದರೆ ಆ ವರ್ಷದ ತೊಂದರೆ ಬಹಳಷ್ಟು ಕಡಿಮೆಯಾಗುತ್ತದೆ. ತಪ್ಪಿದರೆ ಜುಲೈ, ಆಗಸ್ಟ್‌ನಲ್ಲಿ ಹುಳು ಎಳೆಯದಾಗಿರುವಾಗ ಮೆಟಾರೈಝಿಯಂ ಎಂಬ ಜೈವಿಕ ಶಿಲೀಂಧ್ರವನ್ನು ಕೊಟ್ಟಿಗೆ ಗೊಬ್ಬರದಲ್ಲಿ ಬೆರೆಸಿ ತೇವದ ಮಣ್ಣಿಗೆ ಕೊಡಿ. ಅಕ್ಟೋಬರಿನಲ್ಲಿ ಬೆರಳುಗಾತ್ರ ಬೆಳೆದ ಹುಳುವಿಗೆ ಎಷ್ಟು ವಿಷ ಸುರಿದರೂ ಹೆಚ್ಚು ಪ್ರಯೋಜನವಿಲ್ಲ.

ರಾತ್ರೋರಾತ್ರಿ ಎಲೆ ಮಾಯವಾಗಿದ್ದರೆ ಸೈನಿಕ ಹುಳುವಿನ ಅನುಮಾನ. ನಾಲ್ಕೈದು ಲೀಟರ್ ನೀರಿಗೆ ಎರಡು ಚಮಚ ಪಾತ್ರೆ ತೊಳೆಯುವ ದ್ರವ ಹಾಕಿ ಒಂದು ಚದರ ಮೀಟರ್ ಜಾಗಕ್ಕೆ ಸುರಿಯಿರಿ. ಹುಳು ಇದ್ದರೆ ಐದು ಹತ್ತು ನಿಮಿಷದಲ್ಲಿ ಒದ್ದಾಡುತ್ತ ಮೇಲೆ ಬರುತ್ತವೆ. ಬರದಿದ್ದರೆ ಮಾಲೀಕರಿಗೆ ಅದನ್ನೇ ತೋರಿಸಿ. ಕಣ್ಣಾರೆ ಕಂಡ ಮೇಲೆ ‘ಸುಮ್ಮನೆ ಒಂದು ಸಲ ಹೊಡೆದುಬಿಡಿ’ ಎನ್ನುವವರು ಕಡಿಮೆ.

ಇನ್ನು ಕಸ. ನಮ್ಮ ಲಾನ್‌ಗಳ ಹಗೆ ಜೇಕು. ಅದು ಹುಲ್ಲಿನಂತೆ ಕಂಡರೂ ಹುಲ್ಲಲ್ಲ. ದಂಟನ್ನು ಬೆರಳ ನಡುವೆ ಹೊರಳಿಸಿದರೆ ಮೂರು ಮೂಲೆ ಸಿಗುತ್ತದೆ. ಕೆಳಗೆ ಗಡ್ಡೆಗಳು ಸರಪಳಿಯಂತೆ ಕೂಡಿಕೊಂಡಿರುತ್ತವೆ. ಮೇಲಿನಿಂದ ಕಿತ್ತರೆ ಸರಪಳಿ ತುಂಡಾಗಿ ಒಂದು ಇದ್ದದ್ದು ಮೂರಾಗುತ್ತದೆ. ನೀರು ನಿಲ್ಲುವ ಜಾಗದಲ್ಲೇ ಜೇಕು ಮೊದಲು ಬರುವುದು, ಆದ್ದರಿಂದ ಪೈಪ್ ಹಿಡಿಯುವ ಮಾಲಿಯನ್ನು ಮೊದಲು ವಿಚಾರಿಸಿಕೊಳ್ಳಿ. ಎರೆಮಣ್ಣು ನೀರನ್ನು ಬೇಗ ಬಿಡುವುದಿಲ್ಲ. ದಿನವೂ ನೀರು ಬಿಡುವ ಲಾನಿನಲ್ಲಿ ಜೇಕಿಗೆ ಎಣ್ಣೆ ಹೊಡೆಯುವುದು ತೂತು ಕೊಡ ತುಂಬಿಸಿದಂತೆ.

ಕಾಂಗ್ರೆಸ್ ಹುಲ್ಲು ಹೂ ಬಿಡುವ ಮುನ್ನ, ಮಳೆ ಬಿದ್ದ ಮರುದಿನ, ಕೈಗವಸು ಹಾಕಿ ಕಿತ್ತರೆ ಬೇರು ಸಮೇತ ಬರುತ್ತದೆ. ಬರಿಗೈ ತುರಿಕೆ ತರಿಸುತ್ತದೆ. ಮಳೆಗಾಲದಲ್ಲಿ ಅದರ ಎಲೆ ಜಾಲರಿಯಾಗುವಂತೆ ತಿನ್ನುವ ಒಂದು ಸಣ್ಣ ದುಂಬಿ ಇದೆ. ಅದನ್ನು ಈ ಕಸದ ನಿಯಂತ್ರಣಕ್ಕೆಂದೇ ಮೆಕ್ಸಿಕೋದಿಂದ ತರಿಸಿ 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟರು. ಅದು ಕಂಡರೆ ಅದರ ಪಾಡಿಗೆ ಬಿಡಿ, ನಿಮ್ಮ ಕೂಲಿಯಾಳಿಗಿಂತ ಅಗ್ಗ.

ಡಬ್ಬಿಯನ್ನು ಓದುವುದು

ಎಲ್ಲ ನೋಡಿ, ಎಣ್ಣೆ ಬೇಕೇ ಬೇಕು ಎಂದಾದರೆ ಅಂಗಡಿಗೆ ಹೋಗಿ. ಬಿಲ್ ಇಲ್ಲದೆ ಕೊಳ್ಳಬೇಡಿ. ಬಿಲ್‌ನಲ್ಲಿ ಬ್ಯಾಚ್ ಸಂಖ್ಯೆ ಇರಲಿ, ಡಬ್ಬಿಯ ಮೇಲಿನ ಅವಧಿ ನೋಡಿ. ಬಿಡಿಯಾಗಿ ಬಾಟಲಿಗೆ ಸುರಿದು ಕೊಡುವ ಅಂಗಡಿಯ ಮೆಟ್ಟಿಲು ಹತ್ತಬೇಡಿ.

ಡಬ್ಬಿಯ ಮೇಲೆ ವಜ್ರಾಕಾರದ ಗುರುತಿನ ಕೆಳಗಿನ ತ್ರಿಕೋನದಲ್ಲಿ ಬಣ್ಣ ಇರುತ್ತದೆ. ಕೆಂಪು ಅತಿ ತೀವ್ರ ವಿಷ, ಹಳದಿ ತೀವ್ರ, ನೀಲಿ ಮಧ್ಯಮ, ಹಸಿರು ಅವೆಲ್ಲಕ್ಕಿಂತ ಕಡಿಮೆ. ಮನೆಯಂಗಳದ ಲಾನಿಗೆ ಕೆಂಪು ಮತ್ತು ಹಳದಿ ಡಬ್ಬಿಗಳನ್ನು ನಾನು ತರುವುದೇ ಇಲ್ಲ, ಅದು ನನ್ನ ನಿಯಮ. ಹಸಿರು ಕಂಡ ಕೂಡಲೇ ನಿರಾಳವಾಗುವವರಿಗೆ ಒಂದು ಮಾತು: ಆ ಬಣ್ಣ ಹೇಳುವುದು ಒಮ್ಮೆಗೇ ಮೈಸೇರಿದರೆ ಎಷ್ಟು ಅಪಾಯ ಎಂಬುದನ್ನು ಮಾತ್ರ. ಹತ್ತು ವರ್ಷ ದಿನವೂ ಬೆನ್ನ ಮೇಲೆ ಸೋರಿದರೆ ಏನಾಗುತ್ತದೆ ಎಂಬುದನ್ನು ಅದು ಹೇಳುವುದಿಲ್ಲ.

ಲೇಬಲ್‌ನಲ್ಲಿ ಯಾವ ಬೆಳೆಗೆ, ಯಾವ ಕೀಟಕ್ಕೆ, ಎಷ್ಟು ಎಂದು ಇರುತ್ತದೆ. ತೊಂದರೆ ಏನೆಂದರೆ ನಮ್ಮ ದೇಶದ ಲೇಬಲ್‌ಗಳಲ್ಲಿ ಭತ್ತ, ಗೋಧಿ, ಕಬ್ಬು, ಹತ್ತಿ ಇರುತ್ತವೆ, ಹುಲ್ಲುಹಾಸು ಎಂಬ ಪದ ಕಾಣುವುದು ಅಪರೂಪ. ಜೇಕಿಗೆ ಹೆಸರಾದ ಕಳೆನಾಶಕ ಹ್ಯಾಲೋಸಲ್ಫ್ಯೂರಾನ್ ಕಬ್ಬಿನ ಗದ್ದೆಯ ಹೆಸರಿನಲ್ಲೇ ಬರುತ್ತದೆ. ಆದ್ದರಿಂದ ಕೃಷಿ ವಿಜ್ಞಾನ ಕೇಂದ್ರದಲ್ಲೋ ತೋಟಗಾರಿಕೆ ಇಲಾಖೆಯಲ್ಲೋ ತಜ್ಞರನ್ನು ಕಂಡು, ನಿಮ್ಮ ಹುಲ್ಲಿನ ಜಾತಿ ಹೇಳಿ, ಸಲಹೆಯನ್ನು ಬರಹದಲ್ಲಿ ಪಡೆಯಿರಿ. ಹುಲ್ಲಿನ ಜಾತಿ ಮುಖ್ಯ. ಬರ್ಮುಡಾ ಮತ್ತು ಕೊರಿಯನ್ ಹುಲ್ಲು ಅಗಲ ಎಲೆಯ ಕಸಕ್ಕೆ ಹೊಡೆಯುವ 2,4-ಡಿ ಎಂಬ ಕಳೆನಾಶಕವನ್ನು ತಡೆದುಕೊಳ್ಳುತ್ತವೆ, ಅಗಲ ಎಲೆಯ ಬಫೆಲೋ ಹುಲ್ಲು ಅದರಿಂದ ಸೊರಗುತ್ತದೆ. ಹೊಸ ಉತ್ಪನ್ನವನ್ನು ಮೊದಲು ಕಣ್ಣಿಗೆ ಬೀಳದ ಮೂಲೆಯಲ್ಲಿ ಒಂದು ಚದರ ಮೀಟರ್‌ಗೆ ಹೊಡೆದು ಹತ್ತು ದಿನ ಕಾಯಿರಿ.

ಗುಂಟೆಯ ಲೆಕ್ಕ

ಇದೊಂದನ್ನು ಕಲಿತರೆ ನಿಮ್ಮ ಖರ್ಚೂ ವಿಷವೂ ಎರಡೂ ಇಳಿಯುತ್ತವೆ. ಲೇಬಲ್ ಹೆಕ್ಟೇರ್ ಲೆಕ್ಕ ಹೇಳುತ್ತದೆ, ಅಂಗಡಿಯವರು ಪಂಪ್ ಲೆಕ್ಕ ಹೇಳುತ್ತಾರೆ, ಲಾನ್ ಇರುವುದು ಚದರ ಅಡಿಯಲ್ಲಿ. ಮೂರನ್ನೂ ಕೂಡಿಸಲು ನಮ್ಮ ಗುಂಟೆ ಸಾಕು. ಒಂದು ಗುಂಟೆ ಎಂದರೆ 33 ಅಡಿ ಉದ್ದ, 33 ಅಡಿ ಅಗಲ, ಸುಮಾರು 100 ಚದರ ಮೀಟರ್. ಹೆಕ್ಟೇರಿಗೆ ಹೆಚ್ಚುಕಡಿಮೆ 100 ಗುಂಟೆ, ಎಕರೆಗೆ 40.

ಮೊದಲು ನಿಮ್ಮ ಪಂಪ್ ಮತ್ತು ನಿಮ್ಮ ನಡಿಗೆಯ ಅಳತೆ ತೆಗೆಯಿರಿ. ಹಗ್ಗ ಕಟ್ಟಿ ಒಂದು ಗುಂಟೆ ಗುರುತು ಹಾಕಿ. ಪಂಪಿಗೆ ಬರೀ ನೀರು, ಅಳೆದು 8 ಲೀಟರ್ ತುಂಬಿ. ಯಾವಾಗಲೂ ನಡೆಯುವ ವೇಗದಲ್ಲೇ ನಡೆದು ಗುಂಟೆ ಪೂರ್ತಿ ಹೊಡೆಯಿರಿ. ಉಳಿದ ನೀರನ್ನು ಅಳೆಯಿರಿ. 4 ಲೀಟರ್ ಉಳಿದರೆ ನಿಮ್ಮ ಕೈ ಗುಂಟೆಗೆ 4 ಲೀಟರ್ ಎಂದಾಯಿತು. ಅಂದರೆ 16 ಲೀಟರಿನ ಒಂದು ಪಂಪ್ ನಾಲ್ಕು ಗುಂಟೆಗೆ ಬರುತ್ತದೆ. ಲೇಬಲ್ ಹೆಕ್ಟೇರಿಗೆ 1 ಲೀಟರ್ ಎಂದಿದ್ದರೆ ಗುಂಟೆಗೆ 10 ಮಿಲಿ, ಆದ್ದರಿಂದ ಪಂಪಿಗೆ 40 ಮಿಲಿ. ನಿಮ್ಮ ಜೊತೆಗಾರ ಬೇಗ ಬೇಗ ನಡೆದು ಗುಂಟೆಗೆ 2 ಲೀಟರ್ ಮಾತ್ರ ಬಿಡುವವನಾದರೆ ಅವನ ಪಂಪಿಗೆ 80 ಮಿಲಿ ಬೇಕು. ‘ಪಂಪಿಗೆ ಇಷ್ಟು’ ಎಂಬ ಅಂಗಡಿಯ ಲೆಕ್ಕ ಯಾಕೆ ಸುಳ್ಳಾಗುತ್ತದೆ ಎಂಬುದು ಇಲ್ಲಿ ಗೊತ್ತಾಗುತ್ತದೆ. ನಾಜಲ್ ಬದಲಾಯಿಸಿದಾಗ, ಆಳು ಬದಲಾದಾಗ, ಮತ್ತೆ ಅಳೆಯಿರಿ.

ಪುಡಿಗಳ ವಿಷಯದಲ್ಲಿ ಇನ್ನೂ ಎಚ್ಚರ. ಶೇಕಡ 75 ಸತ್ವವಿರುವ ಹ್ಯಾಲೋಸಲ್ಫ್ಯೂರಾನ್ ಪುಡಿಯ ಕಬ್ಬಿನ ಪ್ರಮಾಣ ಹೆಕ್ಟೇರಿಗೆ 90 ಗ್ರಾಂ. ಗುಂಟೆಗೆ ಇಳಿಸಿದರೆ ಒಂದು ಗ್ರಾಂ ಕೂಡ ಇಲ್ಲ. ಚಮಚದಲ್ಲಿ ಅಂದಾಜು ಮಾಡಿದರೆ ಐದು ಪಟ್ಟು ಬೀಳುತ್ತದೆ. ಅಕ್ಕಸಾಲಿಗರ ಬಳಿ ಇರುವಂಥ ಸಣ್ಣ ಡಿಜಿಟಲ್ ತಕ್ಕಡಿ ಒಂದನ್ನು ಕೊಂಡು, ಈ ಕೆಲಸಕ್ಕೆಂದೇ ಇಡಿ.

ನೀರು

ಕಲಬುರಗಿಯ ಬೋರ್ ನೀರಿನಲ್ಲಿ ಸಾಬೂನು ನೊರೆ ಬರುವುದಿಲ್ಲ, ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುತ್ತದೆ. ಆ ಸುಣ್ಣವೇ 2,4-ಡಿಯ ಅಮೈನ್ ರೂಪ, ಗ್ಲೈಫೋಸೇಟ್‌ನಂಥವುಗಳನ್ನು ಹಿಡಿದು ನಿಷ್ಕ್ರಿಯಗೊಳಿಸುತ್ತದೆ. ಕಸ ಸಾಯಲಿಲ್ಲ ಎಂದು ಪ್ರಮಾಣ ಹೆಚ್ಚಿಸುವವರು ಒಮ್ಮೆ ನೀರನ್ನು ನೋಡಬೇಕು. ಸಾಧ್ಯವಾದರೆ ಮಳೆನೀರು ಅಥವಾ ನಳದ ನದಿನೀರು ಬಳಸಿ. ಕೆಸರು ನೀರು ಬೇಡವೇ ಬೇಡ. ಬೆರೆಸಿದ್ದನ್ನು ರಾತ್ರಿಯಿಡೀ ಪಂಪಿನಲ್ಲಿ ಇಟ್ಟು ಬೆಳಗ್ಗೆ ಹೊಡೆಯುವುದೂ ಬೇಡ. ಇಂಥ ಕ್ಷಾರದ ನೀರಿನಲ್ಲಿ ಹಲವು ಕೀಟನಾಶಕಗಳು ತಾವಾಗಿ ಒಡೆದುಹೋಗುತ್ತವೆ.

ಮೈಮೇಲೆ ಏನಿರಬೇಕು

2017ರಲ್ಲಿ ಮಹಾರಾಷ್ಟ್ರದ ಯವತ್ಮಾಳದಲ್ಲಿ ಹತ್ತಿಗೆ ಎಣ್ಣೆ ಹೊಡೆಯುವಾಗ ವಿಷ ಮೈಸೇರಿ ಇಪ್ಪತ್ತರಷ್ಟು ರೈತರು, ಕೂಲಿಕಾರರು ಸತ್ತರು, ನೂರಾರು ಜನ ಆಸ್ಪತ್ರೆ ಸೇರಿದರು. ಅವರು ಬಾಟಲಿ ಎತ್ತಿ ಕುಡಿದವರಲ್ಲ. ಬೆವರಿದ ಚರ್ಮದಿಂದ, ಉಸಿರಿನಿಂದ ಒಳಗೆ ಹೋದದ್ದು ಅದು.

ತುಂಬು ತೋಳಿನ ಅಂಗಿ, ಪೂರ್ತಿ ಪ್ಯಾಂಟ್, ಬೆನ್ನಿಗೂ ಎದೆಗೂ ನೀರು ಇಳಿಯದ ಏಪ್ರನ್. ಗಮ್‌ಬೂಟ್ ಹಾಕಿ ಪ್ಯಾಂಟನ್ನು ಅದರ ಹೊರಗೆ ಬಿಡಿ. ಒಳಗೆ ಸಿಕ್ಕಿಸಿದರೆ ಬಟ್ಟೆಯಿಂದ ಇಳಿದದ್ದೆಲ್ಲ ಬೂಟಿನೊಳಗೆ ಸೇರುತ್ತದೆ. ಕೈಗವಸು ನೈಟ್ರೈಲ್‌ನದಾಗಿರಲಿ. ಬಟ್ಟೆಯ ಕೈಗವಸು ಎಣ್ಣೆಯನ್ನು ಹೀರಿ ಚರ್ಮಕ್ಕೆ ಪಟ್ಟಿ ಕಟ್ಟಿದಂತೆ ಹಿಡಿದಿಡುತ್ತದೆ, ಅದಕ್ಕಿಂತ ಬರಿಗೈ ಮೇಲು ಎನ್ನಬೇಕು. ಮುಖಕ್ಕೆ ಸುತ್ತಿದ ಟವೆಲ್ಲಿನ ಕಥೆಯೂ ಅದೇ. ಲೇಬಲ್ ಕೇಳಿದಲ್ಲಿ ಇಂಗಾಲದ ಡಬ್ಬಿ ಇರುವ ಮುಖಕವಚವೇ ಬೇಕು. ಬೆರೆಸುವಾಗ ಕನ್ನಡಕ ಕಡ್ಡಾಯ, ಗಟ್ಟಿ ಎಣ್ಣೆ ಸಿಡಿಯುವುದು ಆಗಲೇ.

ಹುಡುಗರು ಒಂದು ಅಭ್ಯಾಸವನ್ನು ಬಿಡಲು ಒಪ್ಪುವುದಿಲ್ಲ. ಎರಡು ಪಂಪ್ ಮುಗಿದ ಕೂಡಲೇ ನೆರಳಿಗೆ ಕುಳಿತು ಅಂಗೈಯಲ್ಲಿ ತಂಬಾಕು, ಸುಣ್ಣ ತಿಕ್ಕುವುದು. ಅದೇ ಅಂಗೈಯಲ್ಲಿ ಎಣ್ಣೆ ಇರುತ್ತದೆ. ನಾನು ಕೆಲಸದ ಹೊತ್ತಿನಲ್ಲಿ ತಂಬಾಕಿನ ಚೀಲಗಳನ್ನು ತೆಗೆದು ಗಾಡಿಯಲ್ಲಿ ಇಡುತ್ತೇನೆ. ಬೈದುಕೊಳ್ಳುತ್ತಾರೆ, ಬೈದುಕೊಳ್ಳಲಿ. ನಾಜಲ್ ಕಟ್ಟಿಕೊಂಡರೆ ಬಾಯಿಂದ ಊದುವುದೂ ಇದೇ ಜಾತಿಯದು. ಹಳೆಯ ಹಲ್ಲುಜ್ಜುವ ಬ್ರಷ್ ಒಂದನ್ನು ಪಂಪಿಗೇ ಕಟ್ಟಿಡಿ.

ಏಪ್ರಿಲ್, ಮೇ ತಿಂಗಳಲ್ಲಿ 42 ಡಿಗ್ರಿ ದಾಟುವ ನಮ್ಮ ಊರಿನಲ್ಲಿ ಈ ಉಡುಪು ಹಾಕಿ ದಿನವಿಡೀ ದುಡಿಯಲಾಗದು, ನಿಜ. ಹಾಗೆಂದು ಉಡುಪು ಬಿಡುವ ಮಾತಿಲ್ಲ, ದಿನವನ್ನೇ ಕತ್ತರಿಸಬೇಕು. ಬೆಳಗ್ಗೆ ಎರಡು ಗಂಟೆ, ಇಬ್ಬರು ಸರದಿಯಲ್ಲಿ. ಆಮೇಲೆ ಬೇರೆ ಕೆಲಸ.

ಗಾಳಿ ಮತ್ತು ಹೊತ್ತು

ನನ್ನದೇ ತಪ್ಪೊಂದನ್ನು ಹೇಳುತ್ತೇನೆ. ನಗರದ ಅಂಚಿನ ಒಂದು ಬಡಾವಣೆ, ಕಾಂಪೌಂಡಿನ ಆಚೆ ಹತ್ತಿ ಹೊಲ. ಬಿಸಿಲೇರಿದ ಮೇಲೆ ಅಗಲ ಎಲೆಯ ಕಸಕ್ಕೆ 2,4-ಡಿ ಎಸ್ಟರ್ ಹೊಡೆದೆ. ಗಾಳಿ ಇರಲಿಲ್ಲ ಎಂದೇ ನನ್ನ ನೆನಪು. ಮೂರು ದಿನದ ಮೇಲೆ ಹೊಲದವರು ನನ್ನನ್ನು ಕರೆಸಿದರು. ಎರಡು ಸಾಲು ಹತ್ತಿಯ ಚಿಗುರು ಮುದುಡಿ ಮುಷ್ಟಿ ಕಟ್ಟಿದಂತಿತ್ತು. ಎಸ್ಟರ್ ರೂಪ ಬಿಸಿಲಿಗೆ ಆವಿಯಾಗುತ್ತದೆ. ಹನಿ ಗೋಡೆ ದಾಟದಿದ್ದರೂ ಆವಿ ದಾಟುತ್ತದೆ. ಹತ್ತಿ ಅದಕ್ಕೆ ಎಷ್ಟು ನಾಜೂಕು ಎಂದರೆ ವಾಸನೆ ಸಾಕು. ತೊಗರಿ, ಟೊಮೆಟೊ, ದ್ರಾಕ್ಷಿ, ಗುಲಾಬಿ ಇವೂ ಅಗಲ ಎಲೆಯವೇ. ಆ ವರ್ಷ ಆ ಗುತ್ತಿಗೆಯಲ್ಲಿ ಬಂದ ಹಣವನ್ನೆಲ್ಲ ಹೊಲದವರಿಗೆ ಕೊಟ್ಟೆ. ಆವತ್ತಿನಿಂದ ಎಸ್ಟರ್ ತರುವುದಿಲ್ಲ. ಅಮೈನ್ ರೂಪವನ್ನೂ 30 ಡಿಗ್ರಿ ದಾಟಿದ ಮೇಲೆ ಹೊಡೆಯುವುದಿಲ್ಲ.

ಗಾಳಿ ನೋಡಲು ಊದಿನಕಡ್ಡಿ ಸಾಕು. ಹೊಗೆ ಒಂದು ದಿಕ್ಕಿಗೆ ಮೆಲ್ಲಗೆ ಬಾಗಿ ಹೋದರೆ ಸರಿಯಾದ ಹೊತ್ತು. ಚೆದುರಿ ಹಾರಿದರೆ ಗಾಳಿ ಜೋರು. ಬೇವಿನ ಎಲೆ ಬಿಡದೆ ಅಲುಗುತ್ತಿದ್ದರೂ ನಿಲ್ಲಿಸಿ. ಹೊಗೆ ಮೇಲೇರದೆ ನೆಲದ ಮೇಲೇ ತೆಳ್ಳಗೆ ಹಾಸಿಕೊಂಡರೂ ಹೊಡೆಯಬೇಡಿ. ಚಳಿಗಾಲದ ನಸುಕಿನಲ್ಲಿ ಹೀಗಾಗುತ್ತದೆ. ತಣ್ಣನೆಯ ಗಾಳಿ ಕೆಳಗೆ ಸಿಕ್ಕಿಕೊಂಡು, ಸಣ್ಣ ಹನಿಗಳು ಇಳಿಯದೆ ತೇಲಿ ಅಕ್ಕಪಕ್ಕದ ಮನೆಗೆ ಹೋಗುತ್ತವೆ. ಬಿಸಿಲು ಬಿದ್ದು ಅರ್ಧ ಗಂಟೆ ಆಗಲಿ. ಆಷಾಢದ ಗಾಳಿಯ ದಿನಗಳಲ್ಲಿ ನಮ್ಮ ಪಂಪ್‌ಗಳು ಗೋಡೆಗೆ ಒರಗಿರುತ್ತವೆ, ಆ ತಿಂಗಳು ಕೈಯಲ್ಲಿ ಕಸ ಕೀಳುವ ತಿಂಗಳು.

ಮುಂದಿನ ಆರು ಗಂಟೆ ಮಳೆ ಬರುವಂತಿರಬಾರದು. ಬೇಸಿಗೆಯಲ್ಲಿ ಎರೆಮಣ್ಣು ಬಿರಿದು ಕೈ ಹೋಗುವಷ್ಟು ಸೀಳು ಬಿಟ್ಟಿದ್ದರೆ ಬೇರಿಗೆ ಸುರಿಯುವ ಯಾವುದನ್ನೂ ಕೊಡಬೇಡಿ, ಅದು ನೇರ ಕೆಳಗಿಳಿಯುತ್ತದೆ. ಮೊದಲು ನೀರು ಬಿಟ್ಟು ಸೀಳು ಮುಚ್ಚಲಿ.

ಬೆರೆಸುವುದು, ಹೊಡೆಯುವುದು

ಬೆರೆಸುವ ಜಾಗ ಬಾವಿ, ಬೋರ್, ಚರಂಡಿಗಳಿಂದ ದೂರ ಇರಲಿ. ಫರ್ಸಿ ಹಾಸಿದ ಮೇಲೆ ಬೇಡ, ಚೆಲ್ಲಿದ್ದು ಹರಿದುಹೋಗುತ್ತದೆ. ಮಣ್ಣಿನ ಮೇಲೆ, ಒಂದು ಪ್ಲಾಸ್ಟಿಕ್ ತಟ್ಟೆಯಲ್ಲಿ ಬಕೆಟ್ ಇಟ್ಟು ಬೆರೆಸಿ. ಅರ್ಧ ನೀರು ಮೊದಲು. ಪುಡಿಯಾಗಿದ್ದರೆ ಬೇರೆ ಲೋಟದಲ್ಲಿ ಅಂಬಲಿಯಂತೆ ಕಲಸಿ ಹಾಕಿ, ದ್ರವ ಆಮೇಲೆ, ಅಂಟು ದ್ರಾವಣ ಕೊನೆಗೆ, ಉಳಿದ ನೀರು ಮೇಲೆ. ಕಲಕಲು ಕೋಲು. ಲೇಬಲ್ ಹೇಳದ ಹೊರತು ಎರಡು ಎಣ್ಣೆಗಳನ್ನು ಕೂಡಿಸಬೇಡಿ. ‘ಒಂದೇ ಸಲಕ್ಕೆ ಹುಳುವೂ ಸಾಯಲಿ, ಕಸವೂ ಸಾಯಲಿ’ ಎಂಬುದು ಸೋಮಾರಿತನ.

ಕಸದ ಎಣ್ಣೆಗೆ ಬೀಸಣಿಗೆಯಂತೆ ಹರಡುವ ಚಪ್ಪಟೆ ನಾಜಲ್, ಕೀಟದ ಎಣ್ಣೆಗೆ ಶಂಕುವಿನ ನಾಜಲ್. ಹುಲ್ಲಿನಿಂದ ಒಂದೂವರೆ ಅಡಿ ಎತ್ತರ, ಕಡಿಮೆ ಒತ್ತಡ, ಹಿಂದಕ್ಕೆ ನಡೆಯುತ್ತ ಹೊಡೆದರೆ ಹೊಡೆದದ್ದರ ಮೇಲೆ ಕಾಲಿಡುವುದು ತಪ್ಪುತ್ತದೆ. ಕಸ ಎಲ್ಲಿದೆಯೋ ಅಲ್ಲಿಗೆ ಮಾತ್ರ. ಹತ್ತು ಗುಂಟೆಯ ಲಾನಿನಲ್ಲಿ ಕಸ ಇರುವುದು ಅರ್ಧ ಗುಂಟೆಯಲ್ಲಾದರೆ ಅರ್ಧ ಗುಂಟೆಗೇ ಅಳೆಯಿರಿ.

ಕಳೆನಾಶಕಕ್ಕೆ ಎರಡು ದಿನ ಮೊದಲು, ಎರಡು ದಿನ ಆಮೇಲೆ ಹುಲ್ಲು ಕತ್ತರಿಸಬೇಡಿ, ಹೀರಲು ಎಲೆ ಬೇಕು. ಕೀಟನಾಶಕಕ್ಕೆ ಇದರ ತಿರುಗುಮುರುಗು. ಲಾನಿನಲ್ಲಿ ಸಣ್ಣ ಹೂಗಳಿದ್ದರೆ ಮೊದಲು ಕತ್ತರಿಸಿ, ಇಲ್ಲವಾದರೆ ಜೇನುಹುಳು ವಿಷದ ಹೂವಿಗೇ ಬಂದು ಕೂರುತ್ತದೆ. ತೊಗರಿ ಹೂಬಿಟ್ಟ ತಿಂಗಳುಗಳಲ್ಲಿ ಊರ ಸುತ್ತ ಜೇನು ಹೆಚ್ಚು, ಆಗ ಸಂಜೆಯ ಹೊತ್ತೇ ಒಳ್ಳೆಯದು.

ಹೊಡೆದ ಮೇಲೆ ಹುಲ್ಲು ಯಾರ ಪಾಲು?

ಬೋರ್ಡ್ ನಿಲ್ಲಿಸಿ. ನಮ್ಮ ಊರಿಗೆ ಕನ್ನಡ ಒಂದೇ ಸಾಲದು, ಉರ್ದು, ಹಿಂದಿಯೂ ಇರಲಿ. ಓದಲು ಬಾರದವರಿಗೆ, ಮಕ್ಕಳಿಗೆ, ಅಡ್ಡಗೆರೆ ಎಳೆದ ಬರಿಗಾಲಿನ ಚಿತ್ರ. ಲೇಬಲ್ ಹೇಳಿದಷ್ಟು ಹೊತ್ತು, ಏನೂ ಹೇಳದಿದ್ದರೂ ಪೂರ್ತಿ ಒಂದು ದಿನ, ಯಾರೂ ಕಾಲಿಡಬಾರದು. ನಾಯಿಯ ತಟ್ಟೆ, ಹಕ್ಕಿಯ ನೀರಿನ ಬಟ್ಟಲು ಮೊದಲೇ ತೆಗೆದಿರಬೇಕು.

ಹುಲ್ಲು ಕತ್ತರಿಸಿದ ಮೇಲೆ ಗೇಟಿನ ಹೊರಗೆ ಹಾಕುವುದು, ಬೀದಿ ದನ ಬಂದು ತಿನ್ನುವುದು, ಮಾಲೀಕರು ಗೋವಿಗೆ ಮೇವು ಹಾಕಿದ ಪುಣ್ಯ ಎಂದುಕೊಳ್ಳುವುದು, ಎಲ್ಲ ನಮ್ಮಲ್ಲಿ ದಿನವೂ ನಡೆಯುತ್ತದೆ. ಎಣ್ಣೆ ಬಿದ್ದ ಹುಲ್ಲಿಗೆ ಇದು ಕೂಡದು. ಮುಂದಿನ ಮೂರು ಸಲದ ಕತ್ತರಿಕೆಯನ್ನು ಅಲ್ಲೇ ಲಾನಿನ ಮೇಲೆ ಬಿಡಿ. ತರಕಾರಿ ಮಡಿಗೂ ಗೊಬ್ಬರದ ಗುಂಡಿಗೂ ಹೋಗಬಾರದು.

ಇನ್ನೊಂದು ಪಾಲುದಾರ ಗಣಪತಿ. ಚೌತಿಯ ಹಿಂದಿನ ದಿನ ಗರಿಕೆಗಾಗಿ ಉದ್ಯಾನ, ಕಾಲೇಜು, ಬಂಗಲೆಗಳ ಲಾನಿಗೆ ಜನ ಬರುತ್ತಾರೆ. ಬರ್ಮುಡಾ ಎಂದು ನಾವು ಹಣ ಕೊಟ್ಟು ತರುವುದು ಗರಿಕೆಯ ಬಳಗವೇ. ಕಿತ್ತ ಗರಿಕೆ ಮಕ್ಕಳ ಕೈಯಲ್ಲಿ, ಪ್ರಸಾದದ ತಟ್ಟೆಯಲ್ಲಿ ಇರುತ್ತದೆ. ಆದ್ದರಿಂದ ಚೌತಿಗೆ ಮುಂಚಿನ ಒಂದು ತಿಂಗಳು ಸಾರ್ವಜನಿಕರು ಬರುವ ಯಾವ ಲಾನಿಗೂ ನಾವು ಹೊಡೆಯುವುದಿಲ್ಲ.

ಮದುವೆ ಹಾಲಿನವರದು ಬೇರೆ ತರಹ. ‘ನಾಳೆ ಆರತಕ್ಷತೆ, ಲಾನಿನಲ್ಲಿ ಊಟ, ಸೊಳ್ಳೆ ಇರುವೆ ಬರದಂತೆ ಇವತ್ತು ಸಂಜೆ ಹೊಡೆದುಬಿಡು’ ಎಂದು ಒಬ್ಬರು ಫೋನ್ ಮಾಡಿದರು. ‘ಸಾಹೇಬರೇ, ಹುಲ್ಲಿನ ಮೇಲೆ ಕುಳಿತು ಉಣ್ಣುವವರು ನಿಮ್ಮ ಬೀಗರು’ ಎಂದೆ. ಅವರು ಬೇರೆಯವರಿಂದ ಹೊಡೆಸಿದರು. ಆ ಗುತ್ತಿಗೆ ಮತ್ತೆ ನನಗೆ ಬರಲಿಲ್ಲ.

ಪಂಪ್ ಮತ್ತು ಖಾಲಿ ಡಬ್ಬಿ

ಕಸದ ಎಣ್ಣೆಗೆ ಒಂದು ಪಂಪ್, ಕೀಟದ ಎಣ್ಣೆಗೆ ಇನ್ನೊಂದು, ಬಣ್ಣ ಬಳಿದು ಗುರುತು ಮಾಡಿ. ಎಷ್ಟು ತೊಳೆದರೂ 2,4-ಡಿ ಪೈಪಿನ ರಬ್ಬರಿನಲ್ಲಿ ಉಳಿದುಕೊಂಡು, ಮುಂದಿನ ವಾರ ಮಲ್ಲಿಗೆ ಬಳ್ಳಿಯನ್ನು ಮುದುಡಿಸುತ್ತದೆ. ಮೂರು ಸಲ ತೊಳೆದು, ಆ ನೀರನ್ನು ಹೊಡೆದ ಜಾಗಕ್ಕೇ ತೆಳ್ಳಗೆ ಸಿಂಪಡಿಸಿ ಮುಗಿಸಿ. ಚರಂಡಿಗೆ ಬೇಡ, ಚರಂಡಿಯ ನೀರು ಕೊನೆಗೆ ಯಾವುದೋ ಕೆರೆಗೆ, ಹಳ್ಳಕ್ಕೆ ಸೇರುತ್ತದೆ.

ಡಬ್ಬಿ ಖಾಲಿಯಾದ ಕೂಡಲೇ ಅದನ್ನೂ ಮೂರು ಸಲ ತೊಳೆದು, ತೊಳೆದ ನೀರನ್ನು ಪಂಪಿಗೇ ಸುರಿದು, ಡಬ್ಬಿಗೆ ತೂತು ಹಾಕಿ. ತೂತು ಹಾಕದ ಡಬ್ಬಿ ಗುಜರಿಗೆ ಹೋಗಿ ಯಾರದೋ ಮನೆಯಲ್ಲಿ ನೀರಿನ ಡಬ್ಬಿಯಾಗುತ್ತದೆ. ಸುಡಬೇಡಿ. ಪಾಲಿಕೆಯ ಗಾಡಿಗೆ ಕೊಡುವಾಗ ಹಸಿ, ಒಣ ಕಸದ ಜೊತೆ ಬೆರೆಸದೆ, ಹಾನಿಕಾರಕ ತ್ಯಾಜ್ಯ ಎಂದು ಹೇಳಿ ಬೇರೆಯಾಗಿ ಕೊಡಿ. ಉಳಿದ ಎಣ್ಣೆಯನ್ನು ಅದರ ಮೂಲ ಡಬ್ಬಿಯಲ್ಲೇ, ಬೀಗ ಹಾಕಿದ ಕಪಾಟಿನಲ್ಲಿಡಿ. ತಂಪು ಪಾನೀಯದ ಬಾಟಲಿಗೆ ಯಾವ ಕಾರಣಕ್ಕೂ ಸುರಿಯಬೇಡಿ. ತಗಡಿನ ಶೆಡ್ಡೂ ಬೇಡ, ಮೇ ತಿಂಗಳ ಕಾವಿಗೆ ಡಬ್ಬಿ ಉಬ್ಬಿ ಸೋರುತ್ತದೆ.

ವಿಷ ಏರಿದರೆ

ಬೇಸಿಗೆಯಲ್ಲಿ ಹುಡುಗ ತಲೆ ಸುತ್ತಿ ಕುಳಿತರೆ ಎಲ್ಲರೂ ಬಿಸಿಲು ಬಡಿಯಿತು ಎನ್ನುತ್ತಾರೆ. ಕಣ್ಣಿನ ಪಾಪೆ ನೋಡಿ. ಅದು ಸೂಜಿಮೊನೆಯಷ್ಟು ಚಿಕ್ಕದಾಗಿ, ಬಾಯಲ್ಲಿ ಜೊಲ್ಲು, ಕಣ್ಣಲ್ಲಿ ನೀರು, ಮೈತುಂಬ ಬೆವರು, ಮಾಂಸಖಂಡಗಳ ಅದುರು ಇದ್ದರೆ ಅದು ಬಿಸಿಲಲ್ಲ, ಆರ್ಗನೋಫಾಸ್ಫೇಟ್ ಜಾತಿಯ ಕೀಟನಾಶಕದ ವಿಷ. ಅನುಮಾನ ಬಂದರೂ ವಿಷ ಎಂದೇ ತಿಳಿದು ನಡೆಯಿರಿ.

ಬಟ್ಟೆ ಬಿಚ್ಚಿಸಿ, ಸಾಬೂನು ಹಚ್ಚಿ ಹದಿನೈದು ನಿಮಿಷ ನೀರು ಹಾಕಿ. ತೊಳೆಯುವವರ ಕೈಗೂ ಕೈಗವಸು ಬೇಕು. ಕಣ್ಣಿಗೆ ಬಿದ್ದಿದ್ದರೆ ಹದಿನೈದು ನಿಮಿಷ ಬರೀ ನೀರು. ಬಾಯಿಗೆ ಹೋಗಿದ್ದರೆ ಉಪ್ಪುನೀರು, ಹುಣಸೆನೀರು ಕುಡಿಸಿ ವಾಂತಿ ಮಾಡಿಸಬೇಡಿ, ಹಾಲನ್ನೂ ಕೊಡಬೇಡಿ. ಇಂಥ ಎಣ್ಣೆಗಳಲ್ಲಿ ಪೆಟ್ರೋಲಿನಂಥ ದ್ರಾವಕ ಇರುತ್ತದೆ, ವಾಂತಿಯಾಗುವಾಗ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. 108ಕ್ಕೆ ಕರೆ ಮಾಡಿ. ದೆಹಲಿಯ ಏಮ್ಸ್‌ನ ವಿಷ ಮಾಹಿತಿ ಕೇಂದ್ರದ ಉಚಿತ ಸಂಖ್ಯೆ 1800 116 117. ಡಬ್ಬಿಯನ್ನು ಆಸ್ಪತ್ರೆಗೆ ತೆಗೆದುಕೊಂಡು ಹೋಗಿ, ವೈದ್ಯರಿಗೆ ಅದರ ಮೇಲಿನ ಹೆಸರು ಬೇಕು. ಪ್ಯಾರಾಕ್ವಾಟ್ ಎಂಬ ಕಳೆನಾಶಕಕ್ಕೆ ಪ್ರತಿವಿಷವೇ ಇಲ್ಲ. ಅದನ್ನು ನಮ್ಮ ಶೆಡ್ಡಿನೊಳಗೆ ಬಿಟ್ಟುಕೊಂಡಿಲ್ಲ.

ವಾಸಿಯಾದ ಹುಡುಗನನ್ನು ಮಾರನೆಯ ದಿನ ಪಂಪಿಗೆ ಹಚ್ಚಬೇಡಿ. ದೇಹ ಚೇತರಿಸಿಕೊಳ್ಳಲು ವಾರಗಳು ಬೇಕು, ಅಷ್ಟರಲ್ಲಿ ಸ್ವಲ್ಪವೇ ತಗುಲಿದರೂ ಮತ್ತೆ ಬೀಳುತ್ತಾನೆ. ಆ ದಿನಗಳ ಕೂಲಿ ನಿಮ್ಮ ಲೆಕ್ಕದಲ್ಲಿರಲಿ.

ಪುಸ್ತಕ

ಒಂದು ನೋಟ್‌ಬುಕ್ ಗಾಡಿಯಲ್ಲೇ ಇರಲಿ. ತಾರೀಖು, ಹೊತ್ತು, ಗಾಳಿಯ ದಿಕ್ಕು, ಎಣ್ಣೆಯ ಹೆಸರು, ಬ್ಯಾಚ್ ಸಂಖ್ಯೆ, ಎಷ್ಟು ಗುಂಟೆಗೆ ಎಷ್ಟು ಮಿಲಿ, ಹೊಡೆದವರು ಯಾರು. ಹತ್ತಿ ಹೊಲದವರು ಬಂದು ನಿಂತಾಗ ನನ್ನ ಬಳಿ ಬರೆದಿಟ್ಟದ್ದು ಏನೂ ಇರಲಿಲ್ಲ, ನೆನಪು ಮಾತ್ರ ಇತ್ತು. ನೆನಪು ಯಾವಾಗಲೂ ಗಾಳಿ ಇರಲಿಲ್ಲ ಎಂದೇ ಹೇಳುತ್ತದೆ.

ಕಳೆನಾಶಕ ಹೊಡೆದ ಹದಿನೈದನೆಯ ದಿನ ಮತ್ತೆ ಹೋಗಿ, ಅದೇ ಜಾಗದಲ್ಲಿ ಮಂಡಿಯೂರಿ ನೋಡಿ, ಕಂಡದ್ದನ್ನು ಅದೇ ಪುಟದ ಕೆಳಗೆ ಬರೆಯಿರಿ. ಜೇಕು ಹಳದಿಯಾಗಲು ಎರಡರಿಂದ ನಾಲ್ಕು ವಾರ ಹಿಡಿಯುತ್ತದೆ. ಮಾಲೀಕರು ಹತ್ತನೆಯ ದಿನವೇ ಫೋನ್ ಮಾಡಿ ‘ಏನೂ ಆಗಿಲ್ಲ, ಇನ್ನೊಂದು ಸಲ ಹೊಡೆಯಿರಿ’ ಎನ್ನುತ್ತಾರೆ. ಅವರಿಗೆ ಆ ಪುಟ ತೋರಿಸಿ, ಪೈಪಿನ ನೀರನ್ನು ದಿನ ಬಿಟ್ಟು ದಿನ ಮಾಡಿಸಿ ಬನ್ನಿ.